ಮೇಜು ಎಂದಿರುವಲ್ಲೆಲ್ಲ

ಎಮ್ಮೆಯ ಚರ್ಮ ಕಪ್ಪು, ಅದು ಬೆವರುವುದು ಕಡಿಮೆ, ಆದ್ದರಿಂದ ಬೇಸಿಗೆಯಲ್ಲಿ ಅದಕ್ಕೆ ಸೆಕೆಯಾಗುತ್ತದೆ ಎಂಬುದನ್ನು ಪಶುಪಾಲನಾ ಕಚೇರಿ ಹನ್ನೊಂದು ವರ್ಷಗಳ ಕೂಲಂಕಷ ಪರಿಶೀಲನೆಯ ನಂತರ ತಾತ್ವಿಕವಾಗಿ ಒಪ್ಪಿಕೊಂಡಿತು. ಕೂಡಲೇ ಸುತ್ತೋಲೆ ಹೊರಟಿತು: ಸೆಕೆಗೆ ಬಳಲಿದ ಹಾಲೆಮ್ಮೆಗೆ ಒಣಹುಲ್ಲು ತಗ್ಗಿಸಿ, ಉಪ್ಪು ಬೆರೆಸಿದ ತಣ್ಣೀರು ಕುಡಿಸಿ, ತಂಪು ಹೊತ್ತಿನಲ್ಲಿ ಹಸಿರು ಮೇಜು ನೀಡತಕ್ಕದ್ದು. ಮೇವು ಎಂದಿರಬೇಕಾದಲ್ಲಿ ಬೆರಳಚ್ಚುಗಾರರ ಬೆರಳು ಜಾರಿತ್ತು. ಆದರೆ ಸಹಿ ಬಿದ್ದ ಮೇಲೆ ತಪ್ಪು ತಪ್ಪಾಗಿ ಉಳಿಯುವುದಿಲ್ಲ, ಆದೇಶವಾಗುತ್ತದೆ.

ಹಾಲಿನಕ್ಕನ ಮನೆ ನಡೆಯುತ್ತಿದ್ದುದು ಒಂದೇ ಎಮ್ಮೆಯಿಂದ. ಅದು ಹುಲ್ಲು ಮುಟ್ಟದೆ, ನಾಲಿಗೆ ಚಾಚಿ ಏದುಸಿರು ಬಿಡುತ್ತ, ಎಂಟು ಲೀಟರಿನಿಂದ ಮೂರಕ್ಕೆ ಇಳಿದಿತ್ತು. ಅರ್ಜಿ ಹಾಕಿದ ನಾಲ್ಕನೇ ದಿನ ಕೊಟ್ಟಿಗೆಗೆ ಹಸಿರು ಬಣ್ಣ ಬಳಿದ, ಎರಡು ಡ್ರಾಯರಿನ ಮೇಜು ಬಂದಿಳಿಯಿತು. ತಂದವರು ಆಕೆಯ ಸಹಿ ಪಡೆದು ಹೋದರು.

ಆಕೆ ಕಚೇರಿಗೆ ಓಡಿದಳು. "ಸಾರ್, ನಮ್ಮೆಮ್ಮೆ ಮೇಜು ತಿನ್ನಲ್ಲ."

"ಕೊಟ್ಟು ನೋಡಿದ್ರೇನಮ್ಮಾ?" ಎಂದರು ಅಧಿಕಾರಿ.

"ಮೂಸಿ ನೋಡ್ತು."

"ಸ್ವೀಕರಿಸಿದೆ ಅಂತ ಬರ್ಕೊಳ್ರಿ," ಎಂದು ಅವರು ಗುಮಾಸ್ತರಿಗೆ ಹೇಳಿದರು.

ಹಾಲಿನಕ್ಕ ಸುಮ್ಮನೆ ಬಿಡುವವಳಲ್ಲ. ದಿನಾ ಬಂದು ಬಾಗಿಲಲ್ಲೇ ಕೂತಳು. ಕಡೆಗೆ ತಿದ್ದುಪಡಿ ಹೊರಬಿತ್ತು: ಕಚೇರಿಯ ಯಾವುದೇ ಕಾಗದದಲ್ಲಿ ‘ಮೇಜು’ ಎಂದಿರುವಲ್ಲೆಲ್ಲ ‘ಮೇವು’ ಎಂದು ಓದಿಕೊಳ್ಳತಕ್ಕದ್ದು.

ಗುಮಾಸ್ತರು ಆಕೆಯ ಕಡತ ಓದಿಕೊಂಡರು. "ನಿಮಗೆ ಆಗಲೇ ಮೇವು ಮುಟ್ಟಿದೆಯಲ್ಲಮ್ಮ. ನೀವೇ ಸಹಿ ಹಾಕಿದ್ದೀರಿ."

ಅದೇ ವಾರ ಉಗ್ರಾಣದವರು ಕಚೇರಿಯ ಹಳೆಯ ಮೇಜುಗಳನ್ನು ಒಯ್ದು, ಬರಬೇಕಿದ್ದ ನಾಲ್ಕು ಹೊಸ ಮೇಜುಗಳ ಬಾಬ್ತು, ತಿದ್ದುಪಡಿಯ ಪ್ರಕಾರ ನಾಲ್ಕು ಗಾಡಿ ಹಸಿ ಜೋಳದ ಮೇವು ತಂದು ಒಳಗೆ ಸುರಿದರು. ಅದು ಕಣ್ಣೆದುರೇ ಬಾಡುವುದನ್ನು ಕಂಡು ಹಾಲಿನಕ್ಕನಿಗೆ ಅಳು ಬಂತು.

"ಒಂದು ಹೊರೆ ಕೊಡಿ ಸಾರ್."

"ಕಚೇರಿ ಪೀಠೋಪಕರಣ ಹೊರಗೆ ಕೊಡೋ ಹಾಗಿಲ್ಲಮ್ಮ."

"ಒಳಗೇ ಬಂದು ತಿಂದ್ರೆ?"

ಅಧಿಕಾರಿ ನಿಯಮಾವಳಿ ತಿರುವಿ ಹಾಕಿದರು. "ಬೇಡ ಅಂತ ಎಲ್ಲೂ ಬರ್ದಿಲ್ಲ."

ಮರುದಿನದಿಂದ ಎಮ್ಮೆ ಹತ್ತು ಗಂಟೆಗೆ ಸರಿಯಾಗಿ ಹಾಜರಾಗಿ ಫ್ಯಾನಿನ ಕೆಳಗೆ ಮೇಯತೊಡಗಿತು. ಬರೆಯಲು ಮೇಜಿಲ್ಲದ ಅಧಿಕಾರಿ, ಗುಮಾಸ್ತರು ಹಾಲಿನಕ್ಕನ ಕೊಟ್ಟಿಗೆಗೆ ಹೋಗಿ ಹಸಿರು ಮೇಜಿನ ಮುಂದೆ ಕುಳಿತರು. ತಗಡಿನ ಸೂರು ಕಾದು, ಮೂರೇ ದಿನಕ್ಕೆ ಇಬ್ಬರೂ ಊಟ ಬಿಟ್ಟು ಏದುಸಿರು ಬಿಡುತ್ತಿದ್ದರು. ತಪಾಸಣೆಗೆ ಬಂದ ಪಶುವೈದ್ಯರು ಲಕ್ಷಣ ನೋಡಿ, ಸುತ್ತೋಲೆಯನ್ನೇ ಓದಿ ಹೇಳಿದರು. ಹಾಲಿನಕ್ಕ ಉಪ್ಪು ಬೆರೆಸಿದ ತಣ್ಣೀರು ಕೊಟ್ಟು, ಬೆನ್ನ ಮೇಲೆ ಒದ್ದೆ ಗೋಣಿ ಹೊದಿಸಿದಳು. ಇಬ್ಬರೂ ಚೇತರಿಸಿಕೊಂಡರು. ಕೆಲಸ ಮಾತ್ರ ಮೊದಲಿನಷ್ಟೇ.

ಎಮ್ಮೆ ಈಗ ಎಂಟೂವರೆ ಲೀಟರ್ ಕೊಡುತ್ತದೆ. ಮೇವು ಮುಗಿದಾಗಲೆಲ್ಲ ಅಧಿಕಾರಿ ಇನ್ನೂ ನಾಲ್ಕು ಮೇಜು ಬೇಕೆಂದು ಬರೆಯುತ್ತಾರೆ.

ಮೊನ್ನೆ ಅರ್ಜಿ ಹಿಡಿದ ಹೊಸಬನೊಬ್ಬ ಕಚೇರಿಯ ಬಾಗಿಲಲ್ಲಿ ನಿಂತು ಜವಾನನನ್ನು ಕೇಳಿದ: "ಒಳಗೆ ಯಾರೋ ಮೇಯ್ತಾ ಇರೋ ಹಾಗಿದೆ?"

"ಎಮ್ಮೆ."

"ಓ, ಎಮ್ಮೆನಾ? ಹಾಗಾದ್ರೆ ಪರವಾಗಿಲ್ಲ," ಎಂದು ಅವನು ಸರದಿಯಲ್ಲಿ ನಿಂತ.