ಆರನೇ ಕುಣಿಯ ಸಾಕ್ಷಿ

ಎಲ್ಲ ರಗಳೆಗೂ ಮೂಲ ಒಂದು ಡಜನ್ ಬಾಳೆಹಣ್ಣು.

ಜಂಬಯ್ಯ ಸಂಡೂರಿನ ಗುಡ್ಡದ ಮೇಲೆ ಒಂದು ಗಣಿ ಕಂಪನಿಯ ಗುಮಾಸ್ತ. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಹದಿನೊಂದು ವರ್ಷದಿಂದ ಬೆಳಗಿನ ಮೊದಲ ಬಸ್ಸಿಗೆ ಬಿಳಿ ಅಂಗಿಯಲ್ಲಿ ಹತ್ತಿ, ಸಂಜೆ ಅದೇ ಅಂಗಿ ಅದಿರಿನ ಧೂಳಿಗೆ ಕೆಂಪಾಗಿ ಇಳಿಯುತ್ತಿದ್ದ. ಹೊಸಪೇಟೆ ಕಚೇರಿಗೆ ವರ್ಗವಾಗಲಿ ಎಂದು ಹೆಂಡತಿ ಹುಲುಗಮ್ಮ ಆಂಜನೇಯನಿಗೆ ಹರಕೆ ಹೊತ್ತಿದ್ದಳು: ಪ್ರತಿ ಶನಿವಾರ ಮಂಗಗಳಿಗೆ ಒಂದು ಡಜನ್ ಬಾಳೆಹಣ್ಣು. ಹರಕೆ ಅವಳದು, ಹೊರುವ ಚೀಲ ಇವನದು. ಗುಡ್ಡದ ಮಂಗಗಳಿಗೆ ಆ ಹಳದಿ ಚೀಲ ಎಷ್ಟು ಪರಿಚಯವೆಂದರೆ, ಬಸ್ಸಿಳಿದ ಕೂಡಲೇ ಹಿಂದೆ ಬೀಳುತ್ತಿದ್ದವು.

ಈ ಶನಿವಾರ ಹರಕೆ ಫಲಿಸುವ ಲಕ್ಷಣವಿತ್ತು. ಮ್ಯಾನೇಜರ್ ಪ್ರವೀಣ ಸಾಹೇಬರ ಜೇಬಿನಲ್ಲಿ ವರ್ಗದ ಪತ್ರ ಟೈಪಾಗಿ ಕುಳಿತಿತ್ತು. ಆಟ ಮುಗಿದ ಮೇಲೆ ಸಹಿ ಹಾಕುತ್ತೇನೆ ಎಂದಿದ್ದರು.

ಆಟ ಎಂದರೆ ಗಾಲ್ಫ್; ಕಡಿಮೆ ಏಟಿಗೆ ಚೆಂಡನ್ನು ಕುಣಿಗೆ ಬೀಳಿಸಿದವರು ಗೆದ್ದಂತೆ. ಕಂಪನಿಯ ಕಾಲೊನಿಯ ಹಿಂದೆ ಆರು ಕುಣಿಗಳ ಪುಟ್ಟ ಮೈದಾನವಿದೆ. ಕ್ಲಬ್ಬಿನ ಗೋಡೆಯ ಮೇಲೆ ಒಂದು ಮರದ ಫಲಕ. ಒಂದೇ ಏಟಿಗೆ ಚೆಂಡನ್ನು ಕುಣಿಗೆ ಬೀಳಿಸಿದವರ ಹೆಸರು ಅದರಲ್ಲಿ ಬರೆಯುತ್ತಾರೆ. ಬಿದ್ದದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಇರಬೇಕೆಂಬುದು ಕಟ್ಟುನಿಟ್ಟು. ಅಲ್ಲಿರುವುದು ಒಂದೇ ಹೆಸರು, ಕಂಪನಿ ಆಸ್ಪತ್ರೆಯ ಡಾಕ್ಟರ್ ಸುಧಾರಾಣಿಯವರದು. ಹನ್ನೆರಡು ವರ್ಷದಿಂದ ಆಡುತ್ತಿದ್ದ ಸಾಹೇಬರು ಆ ಫಲಕದ ಎದುರು ಚಹಾ ಕುಡಿಯುವುದನ್ನೇ ಬಿಟ್ಟಿದ್ದರು.

ಇವತ್ತು ಆಟ ಅವರಿಬ್ಬರ ನಡುವೆಯೇ. ನಿಯಮದ ಪುಸ್ತಕವನ್ನು ಕನ್ನಡದಲ್ಲಿ ಟೈಪು ಮಾಡಿದವನು ಎಂಬ ಒಂದೇ ತಪ್ಪಿಗೆ ಜಂಬಯ್ಯನನ್ನು ತೀರ್ಪುಗಾರನನ್ನಾಗಿ ಮಾಡಿದ್ದರು.

ಡಾಕ್ಟರಮ್ಮನಿಗೆ ಯಾರ ಮೇಲೂ ನಂಬಿಕೆಯಿಲ್ಲ. ರೋಗಿ ಜ್ವರ ಎಂದರೆ ಎರಡು ಥರ್ಮಾಮೀಟರ್ ಇಡುವ ಹೆಂಗಸು. ಹಳದಿ ಚೀಲವನ್ನೂ ಅದರ ಹಿಂದಿನ ಮಂಗಗಳನ್ನೂ ನೋಡಿ, "ಇವು ಯಾರ ಕಡೀವ್ರಿ?" ಎಂದು ಕೇಳಿದರು. ಆಂಜನೇಯನ ಕಡೆಯವು ಎಂದು ಜಂಬಯ್ಯ ಹೇಳಿದ್ದು ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಮೂರನೇ ಕುಣಿಯ ಹತ್ತಿರ ಒಂದು ಮರಿಮಂಗ ಎಲ್ಲರ ಕಣ್ಣೆದುರೇ ಡಾಕ್ಟರಮ್ಮನ ಚೆಂಡನ್ನು ಎತ್ತಿಕೊಂಡು ಮರ ಹತ್ತಿತು. ಜಂಬಯ್ಯ ಪುಸ್ತಕ ತೆರೆದು ತೀರ್ಪು ಕೊಟ್ಟ: ನಿಂತ ಚೆಂಡನ್ನು ಪ್ರಾಣಿ ಒಯ್ದರೆ ದಂಡವಿಲ್ಲ, ಇದ್ದ ಜಾಗದಲ್ಲೇ ಇನ್ನೊಂದನ್ನು ಇಟ್ಟು ಆಡಬೇಕು. ಆದರೆ ಪ್ರಾಣಿಯೇ ಒಯ್ದದ್ದು ಖಾತ್ರಿಯಿರಬೇಕು. ಇಲ್ಲದಿದ್ದರೆ ಚೆಂಡು ಕಳೆದಂತೆ, ಒಂದು ಏಟು ದಂಡ, ಮತ್ತೆ ಮೊದಲಿನಿಂದ ಹೊಡೆಯಬೇಕು. ಈಗ ಅನುಮಾನ ಸಾಹೇಬರಿಗೆ ಶುರುವಾಯಿತು. ಮಂಗಕ್ಕೆ ಹಣ್ಣು ಹಾಕುವವನು ಡಾಕ್ಟರಿಗೆ ಅನುಕೂಲ ಮಾಡುತ್ತಿದ್ದಾನೆಯೇ ಎಂದು ಜೇಬಿನ ಪತ್ರವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅದನ್ನು ಕಂಡ ಜಂಬಯ್ಯ ಹಳದಿ ಚೀಲವನ್ನು ಬೆನ್ನ ಹಿಂದೆ ಸರಿಸಿದ.

ಕೊನೆಯ ಕುಣಿಗೆ ಬಂದಾಗ ಇಬ್ಬರದೂ ಸಮ. ಆರನೇ ಕುಣಿ ದಿಬ್ಬದ ಆಚೆ ಇದೆ. ಕೆಳಗೆ ನಿಂತು ಹೊಡೆಯುವವರಿಗೆ ಬಾವುಟದ ತುದಿ ಮಾತ್ರ ಕಾಣುತ್ತದೆ. ಚೆಂಡು ಎಲ್ಲಿ ಬಿತ್ತೆಂದು ನೋಡಲು ಜಂಬಯ್ಯ ದಿಬ್ಬದ ಮೇಲೆ ನಿಂತ. ಡಾಕ್ಟರಮ್ಮನ ಚೆಂಡು ಬಂದು ಮರಳಿನಲ್ಲಿ ಕುಳಿತಿತು. ಸಾಹೇಬರು ಕೋಲು ಎತ್ತಿದರು. ಸರಿಯಾಗಿ ಅದೇ ಗಳಿಗೆಗೆ ಒಂದು ಗಡವ ಮಂಗ ಹಿಂದಿನಿಂದ ಬಂದು ಹಳದಿ ಚೀಲಕ್ಕೆ ಕೈ ಹಾಕಿತು. ಜಂಬಯ್ಯ ಈ ಕಡೆ ಎಳೆದ, ಅದು ಆ ಕಡೆ ಎಳೆಯಿತು. ಚೀಲ ಹರಿದು ಹಣ್ಣೆಲ್ಲ ಮಂಗದ ಪಾಲಾದ ಮೇಲೆ ಅವನು ತಿರುಗಿ ನೋಡಿದರೆ ಸಾಹೇಬರ ಚೆಂಡು ಎಲ್ಲೂ ಇಲ್ಲ.

ಪೊದೆಯಲ್ಲಿ ಹುಡುಕಿದರು, ಚರಂಡಿಯಲ್ಲಿ ಹುಡುಕಿದರು. ಚೆಂಡು ಕಳೆದರೆ ಸಾಹೇಬರು ಸೋತಂತೆ; ಸಾಹೇಬರು ಸೋತರೆ ವರ್ಗ ಹೋದಂತೆ. ನೋಡುವ ಕೆಲಸಕ್ಕೆ ನಿಂತವನು ನೋಡಲಿಲ್ಲ ಎನ್ನುವುದು ಹೇಗೆ?

"ಮಂಗ್ಯಾ ಒಯ್ತ್ರೀ ಸಾಹೇಬ್ರ," ಎಂದುಬಿಟ್ಟ ಜಂಬಯ್ಯ.

"ನೀವು ಕಣ್ಣಾರೆ ನೋಡೀರೇನು?" ಡಾಕ್ಟರಮ್ಮ ಹತ್ತಿರ ಬಂದು ಅವನ ಕಣ್ಣಿನ ಕೆಳರೆಪ್ಪೆಯನ್ನು ರಕ್ತಹೀನತೆ ಪರೀಕ್ಷಿಸುವಂತೆ ನೋಡಿದರು.

"ಆಂಜನೇಯನ ಆಣಿ ರೀ."

ಚೆಂಡು ಎಲ್ಲಿತ್ತು ಎಂದು ಕೇಳಿದಾಗ ಕುಣಿಯಿಂದ ಎರಡು ಮೊಳ ದೂರದ ಜಾಗ ತೋರಿಸಿದ. ಇಷ್ಟು ಸುಳ್ಳಿಗೆ ಇನ್ನಷ್ಟು ಸೇರಿದರೆ ಭಾರವೇನು! ಡಾಕ್ಟರಮ್ಮ ತಮ್ಮ ಡೈರಿಯಲ್ಲಿ "ಮಂಗ ಒಯ್ದದ್ದನ್ನು ಕಂಡೆ" ಎಂದು ಬರೆದು ಅವನ ಸಹಿ ಹಾಕಿಸಿಕೊಂಡರು. ಮರಳಿನಿಂದ ಅವರು ಹೊಡೆದ ಎರಡನೇ ಏಟು ಕುಣಿಯಿಂದ ಗೇಣು ದೂರದಲ್ಲಿ ನಿಂತುಬಿಟ್ಟಿತು. ಸಾಹೇಬರು ಹೊಸ ಚೆಂಡನ್ನು ಎರಡು ಮೊಳದಲ್ಲಿಟ್ಟು ಮೆಲ್ಲಗೆ ತಟ್ಟಿದರು. ಅದು ಉರುಳಿ ಕುಣಿಗೆ ಬಿತ್ತು. ಎರಡು ಏಟು, ಗೆಲುವು. ಜಂಬಯ್ಯನಿಗೆ ಅಲ್ಲಿಂದಲೇ ಚಿತ್ತವಾಡ್ಗಿ ಕಂಡಿತು.

ಸಾಹೇಬರು ನಗುತ್ತ ಬಗ್ಗಿ ಚೆಂಡು ತೆಗೆದರು. ನಗು ನಿಂತಿತು. ಮತ್ತೆ ಕೈ ಹಾಕಿ ಇನ್ನೊಂದನ್ನು ತೆಗೆದರು. ಅದರ ಮೇಲೂ ಅವರದೇ ಹಸಿರು ಶಾಯಿಯ 'ಪ್ರ'.

ಮಂಗ ಎಸೆದ ಬಾಳೆಹಣ್ಣಿನ ಸಿಪ್ಪೆಯೊಂದು ಅವರ ಕಾಲ ಬಳಿ ಬಂದು ಬಿತ್ತು.

"ಜಂಬಯ್ಯ," ಎಂದರು ಸಾಹೇಬರು. ಎರಡೂ ಚೆಂಡು ಅಂಗೈಯಲ್ಲಿದ್ದವು. "ಒಂದೇ ಏಟಿಗೆ ಬಿದ್ದೈತಲ್ಲೋ. ಖರೇ ಹೇಳು, ನೀ ಏನ್ ನೋಡ್ದಿ?"

ಇನ್ನು ಸತ್ಯವೇ ಗತಿ ಎಂದುಕೊಂಡ ಜಂಬಯ್ಯ ಕೈಮುಗಿದ. "ಮಂಗ್ಯಾ ಒಯ್ದಿಲ್ರಿ. ನಾ ಚೀಲ ಜಗ್ಗಾಕತ್ತಿದ್ದೆ, ಏನೂ ನೋಡಿಲ್ರಿ."

ಡಾಕ್ಟರಮ್ಮ ಡೈರಿ ಮುಚ್ಚಿದರು. "ನೋಡಿಲ್ಲ ಅಂದ್ರ, ಚೆಂಡು ಬಿದ್ದದ್ದಕ್ಕೂ ಸಾಕ್ಷಿ ಇಲ್ಲ. ನೋಡೀನಿ ಅಂದ್ರ, ಒಯ್ದ ಮಂಗ್ಯಾನೇ ಚೆಂಡು ತಂದು ಕುಣ್ಯಾಗ ಹಾಕಿರಬೇಕು. ಆಟ ನೀವು ಗೆದ್ದೀರಿ ಸರ್, ಅದಕ್ಕ ನನ್ನ ತಕರಾರಿಲ್ಲ. ಫಲಕದ ಮ್ಯಾಗ ಮಾತ್ರ ಹೆಸರು ಬರಂಗಿಲ್ಲ."

ಸಾಹೇಬರು ಜೇಬಿನಿಂದ ವರ್ಗದ ಪತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಮತ್ತೆ ಜೇಬಿಗೇ ಇಟ್ಟುಕೊಂಡರು.

"ನಾ ಇನ್ನೊಂದ್ ಸಲ ಒಂದೇ ಏಟಿಗೆ ಹಾಕ್ತೀನಲ್ಲ, ಅದನ್ನ ನೀನೇ ನಿಂತು ನೋಡಬೇಕು. ಅಲ್ಲೀತನ ಈ ಗುಡ್ಡ ಬಿಟ್ಟು ಕದಲಂಗಿಲ್ಲ."

ಮೊದಲನೆಯದಕ್ಕೆ ಹನ್ನೆರಡು ವರ್ಷ ಹಿಡಿದಿತ್ತು. ಜಂಬಯ್ಯನ ನಿವೃತ್ತಿಗೆ ಉಳಿದದ್ದು ಒಂಬತ್ತು.

ಸಂಜೆ ಬಸ್ಸಿನಲ್ಲಿ ಹುಲುಗಮ್ಮನ ಫೋನು ಬಂತು. ಆಂಜನೇಯಗ ಹಣ್ಣು ಮುಟ್ಟಿದ್ವೇನು ಎಂದು ಕೇಳಿದಳು.

"ಮುಟ್ಟಿದ್ವು," ಎಂದ ಜಂಬಯ್ಯ, ಅಂಗಿಯ ಧೂಳು ಕೊಡವುತ್ತ. "ಮುಂದಿನ ವಾರಕ್ಕ ಹೊಸ ಚೀಲ ಹೊಲಿ."