ಪತ್ರಿಕೆಯನ್ನು ನಂಬದ ಮಾವ

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಪತ್ರಿಕೆ ಓದುವವರು ಇಡೀ ಮೂಡುಬಿದಿರೆಯಲ್ಲಿ ಇರಲಿಲ್ಲ. ಓದಿದ್ದರಲ್ಲಿ ಒಂದಕ್ಷರವನ್ನೂ ನಂಬದವರು ಕೂಡ ಅವರೊಬ್ಬರೇ! ನಾನು ಅಲ್ಲಿ ಮಾಸ್ತರಿಕೆಗೆ ಸೇರಿ ಅವರ ಮನೆಯಲ್ಲೇ ಇದ್ದುದರಿಂದ ದಿನವೂ ಈ ಪಾರಾಯಣ ಕೇಳುವ ಭಾಗ್ಯ ನನ್ನದಾಗಿತ್ತು.

ಅಪನಂಬಿಕೆಗೆ ಕಾರಣವಿತ್ತು. ಒಮ್ಮೆ ಪುತ್ತಿಗೆಯ ಸಭೆಯೊಂದಕ್ಕೆ ಮಾವನನ್ನು ಅಧ್ಯಕ್ಷರನ್ನಾಗಿ ಕರೆದಿದ್ದರು. ಹೊಟ್ಟೆ ಕೆಟ್ಟು ಅವರು ಹೋಗಲೇ ಇಲ್ಲ. ಮರುದಿನ ನೋಡಿದರೆ, ಅವರ ಭಾಷಣ ಸಭಿಕರ ಚಪ್ಪಾಳೆ ಸಮೇತ ಅಚ್ಚಾಗಿದೆ! ವರದಿಗಾರ ಆಮಂತ್ರಣಪತ್ರ ನೋಡಿಯೇ ಕೆಲಸ ಮುಗಿಸಿದ್ದ.

"ಭಾಷಣ ಚಂದ ಉಂಟು ಮಾರಾಯ. ನಾನೇ ಹೋಗಿದ್ದರೆ ಇಷ್ಟು ಒಳ್ಳೆಯದಾಗ್ತಿರಲಿಲ್ಲ" ಎಂದರು ಮಾವ.

ಇನ್ನು ಮನೆಯ ರೇಡಿಯೋ. ಸ್ಟೇಷನ್ ತೋರಿಸುವ ಮುಳ್ಳಿನ ದಾರ ಸಡಿಲವಾಗಿ, ಮುಳ್ಳು ಧಾರವಾಡದಲ್ಲಿದ್ದರೆ ಹಾಡು ಸಿಲೋನಿನದು. ವಾಲ್ವ್ ಬಿಸಿಯಾಗಿ ಸ್ವರ ಹೊರಡುವಷ್ಟರಲ್ಲಿ ವಾರ್ತೆ ಅರ್ಧ ಮುಗಿದಿರುತ್ತಿತ್ತು. ಬ್ಯಾಟರಿ ಬದಲಿಸಲು ಹಿಂಬದಿಯನ್ನೇ ಕಳಚಬೇಕು. "ಇದನ್ನು ಮಾಡಿದವನ ಮನೆಯಲ್ಲಿ ರೇಡಿಯೋ ಇರಲಿಕ್ಕಿಲ್ಲ" ಎಂಬುದು ಮಾವನ ತೀರ್ಮಾನ. ಯಾರು ತಾನೇ ಅಲ್ಲವೆಂದಾರು?

ಒಂದು ಮಳೆಗಾಲದ ಬೆಳಿಗ್ಗೆ ಪತ್ರಿಕೆಯ ಮುಖಪುಟದಲ್ಲಿ, ಬಂಟ್ವಾಳ ಪೇಟೆ ನೆರೆಯಲ್ಲಿ ಮುಳುಗಿದೆ, ನದಿಬದಿಯ ಮನೆಗಳು ಜನಸಹಿತ ಕೊಚ್ಚಿಹೋಗಿವೆ ಎಂದು ದಪ್ಪಕ್ಷರಗಳಲ್ಲಿ ಬಂತು. ಆ ಮನೆಗಳಲ್ಲೊಂದು ನಮ್ಮದು. ಅಲ್ಲಿ ನನ್ನ ತಾಯಿ, ಅಂದರೆ ಮಾವನ ಏಕಮಾತ್ರ ತಂಗಿ, ಒಬ್ಬರೇ ಇದ್ದರು.

"ಸುಳ್ಳು" ಎಂದರು ಮಾವ. ಕನ್ನಡಕ ಒರೆಸಿ ಪುನಃ ಓದಿದರು. "ನೆರೆ ಪ್ರತಿವರ್ಷ ಬರ್ತದೆ, ಪ್ರತಿವರ್ಷ ಅವಳು ಮಾಳಿಗೆಯಲ್ಲಿ ಒಲೆ ಹೂಡ್ತಾಳೆ. ಇವರಿಗೆ ಎಂಥ ಗೊತ್ತುಂಟು?"

ಆದರೂ ಕೈ ರೇಡಿಯೋದತ್ತ ಹೋಯಿತು. ಅದು ಬಿಸಿಯಾಗುವವರೆಗೆ ಇಬ್ಬರೂ ಅದರ ಮುಂದೆ ಕೂತೆವು. "ಬಂಟ್ವಾಳದಲ್ಲಿ..." ಎಂದಿತು ರೇಡಿಯೋ. ಅಷ್ಟರಲ್ಲಿ ಸ್ಟೇಷನ್ ಜಾರಿ, ಸಿಲೋನಿನವರು ಹಲ್ಲುಜ್ಜುವ ಪೇಸ್ಟಿನ ಗುಣಗಾನ ಶುರುಮಾಡಿದರು! ಮಾವ ತಟ್ಟಿದರು, ಕುಟ್ಟಿದರು, ಬೈದರು. ಪೇಸ್ಟು ನಿಲ್ಲಲಿಲ್ಲ.

"ಮಾವ, ಸುಳ್ಳೇ ಇರಬಹುದಲ್ಲ?"

"ಸುಳ್ಳೇ. ಕೊಡೆ ತೆಗೆ, ಹೋಗುವ."

ಸುಳ್ಳೆಂದು ಖಾತ್ರಿಯಿದ್ದವರು ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು ಹೊರಡುತ್ತಾರೆಯೇ? ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮಾವ ಪುತ್ತಿಗೆಯ ಭಾಷಣದ ಕಥೆ ಹೇಳಿದರು. ಪತ್ರಿಕೆಯವರು ಎಂಥ ಸುಳ್ಳರೆಂದು ಅವರೆಲ್ಲ ಒಪ್ಪಬೇಕಿತ್ತು. ಕೇಳಿದವರು ನಕ್ಕರು, ಮಾವ ನಗಲಿಲ್ಲ.

ನೀರಿನ ಅಂಚಿಗೆ ಬಸ್ಸು ನಿಂತಿತು. ಮುಂದೆ ದೋಣಿ. ಅಂಗಡಿಗಳ ಬಾಗಿಲು ಮುಳುಗುವಷ್ಟು ನೀರು. ನಮ್ಮ ಬೀದಿಗೆ ತಿರುಗಿದಾಗ ಮಾಳಿಗೆಯ ಕಿಟಕಿಯಲ್ಲಿ ಅಮ್ಮ ಕಂಡರು. ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೂತಿದ್ದರು.

"ಇದೆಂಥ ಅಣ್ಣ, ಈ ನೆರೆಯಲ್ಲಿ ಬಂದದ್ದು? ಅಂಗಿ ಎಂಥ ಹೀಗೆ?"

ಮಾವ ದೋಣಿಯಲ್ಲೇ ಎದ್ದುನಿಂತು, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ತಂಗಿಯ ತಲೆ ಮುಟ್ಟಿ ನೋಡಿದರು. ಆಮೇಲೆ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು.

"ಇನ್ನು ಅವರಿಗೆ ಬೈಯುವುದಿಲ್ಲ ಮಾರಾಯ. ಎಷ್ಟು ಬೇಕಾದರೂ ಸುಳ್ಳು ಬರೆಯಲಿ."