ಇನ್ನಾಸಪ್ಪನವರ ಮೂವತ್ತೊಂಬತ್ತನೆಯ ದಿನ

ಮೇಲಿನ ಮನೆಯ ನೀಲಗಂಗಮ್ಮ ಆ ಶನಿವಾರ ಬೆಳಿಗ್ಗೆ ಕಾಫಿ ಬೀಜ ಹುರಿಯದೆ ಇದ್ದಿದ್ದರೆ ಇನ್ನಾಸಪ್ಪನವರ ಮಾನ ಉಳಿಯುತ್ತಿತ್ತು. ಆಕೆ ಹುರಿದರು. ಪಲ್ಲಾವರಂನ ಬಿಸಿಗಾಳಿ ಆ ಘಮವನ್ನು ತಂದು ಕೆಳಮನೆಯ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದ ಇನ್ನಾಸಪ್ಪನವರ ಮೂಗಿಗೆ ನೇರವಾಗಿ ಮುಟ್ಟಿಸಿತು. ಅವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿದರು.

ಅವರು ಕಾಫಿ ಬಿಟ್ಟು ಅಂದಿಗೆ ಮೂವತ್ತೊಂಬತ್ತನೆಯ ದಿನ. ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಇನ್ನೊಂದೇ ವಾರ ಉಳಿದಿತ್ತು. ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಚರ್ಚು ಭಾನುವಾರಗಳನ್ನು ಲೆಕ್ಕ ಹಿಡಿಯುವುದಿಲ್ಲ, ಇವರ ವ್ರತಕ್ಕೆ ಮಾತ್ರ ಭಾನುವಾರವೂ ಬಿಡುವಿರಲಿಲ್ಲ.

ಬಿಟ್ಟದ್ದೇನೂ ಮನಸಾರೆ ಅಲ್ಲ. ಕೊಳ್ಳೇಗಾಲದ ಕಡೆಯಿಂದ ಈ ತಮಿಳು ಊರಿಗೆ ಬಂದು ರೈಲ್ವೆ ಗುಮಾಸ್ತರಾಗಿದ್ದ ಇನ್ನಾಸಪ್ಪನವರು ಚರ್ಚಿನ ಸ್ಕೌಟ್ ದಳಕ್ಕೆ ಮಾಸ್ಟರು. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಎಂಟು ಹುಡುಗರನ್ನು ಮನೆಯ ಜಗಲಿಯಲ್ಲಿ ಕೂರಿಸಿಕೊಂಡು, "ಭಕ್ತಿ ಅಂದ್ರೆ ಪೂಜೆಗೆ ಹಾಕ್ಕೊಂಡೋಗಿ ಮನೆಗೆ ಬಂದ್ಮೇಲೆ ಬಿಚ್ಚಿಡೋ ಇಸ್ತ್ರಿ ಷರ್ಟಲ್ಲ ಕಣ್ರೋ. ಅದನ್ನ ಬಾಳಿ ತೋರಿಸ್ಬೇಕು. ಈ ತಪಸ್ಸುಕಾಲದಲ್ಲಿ ಒಬ್ಬೊಬ್ರೂ ತುಂಬಾ ಇಷ್ಟವಾದ್ದೊಂದನ್ನ ಬಿಡಿ," ಎಂದಿದ್ದರು. ದಳದ ನಾಯಕ ಚೌರಿ ಟೀವಿ ಬಿಟ್ಟ. ಎಲ್ಲರಿಗಿಂತ ಚಿಕ್ಕವನಾದ ಬೆನ್ನಿ ಎಂಜಲು ನುಂಗಿಕೊಂಡು ಕ್ರಿಕೆಟ್ ಬಿಟ್ಟ. ಆಮೇಲೆ ಎಲ್ಲರೂ ಮಾಸ್ಟರ ಮುಖ ನೋಡಿದರು. "ಹಾಗಲಕಾಯಿ" ಎನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿ ಲೂರ್ದಮ್ಮ, "ಕಾಫಿ!" ಎಂದು ಕೂಗಿದರು.

ಹುಡುಗರು ಅಷ್ಟಕ್ಕೇ ಬಿಡಲಿಲ್ಲ. ಒಬ್ಬನ ವ್ರತಕ್ಕೆ ಉಳಿದವರು ಕಾವಲಿರಬೇಕೆಂದು ಮಾಸ್ಟರೇ ಹೇಳಿಕೊಟ್ಟಿದ್ದರಲ್ಲ! ಬೀದಿಯ ಪ್ರತಿ ಮನೆಗೂ, ಪ್ರತಿ ಅಂಗಡಿಗೂ ಹೋಗಿ, ನಮ್ಮ ಸಾರ್‌ಗೆ ಕಾಫಿ ಕೊಡಬೇಡಿ ಎಂದು ಹೇಳಿಬಂದಿದ್ದರು.

ಹಾಗಾಗಿ ಅಂದು ಪೇಪರ್ ಕೇಳುವ ನೆಪದಲ್ಲಿ ಇನ್ನಾಸಪ್ಪನವರು ಮಹಡಿ ಹತ್ತಿದಾಗ ನೀಲಗಂಗಮ್ಮ ಬಾಗಿಲಲ್ಲೇ ನಕ್ಕರು.

"ಬರ್ರಿ ಮಾಸ್ತರ, ಕೂಡ್ರಿ. ಪೇಪರ್ ಓದ್ರಿ, ಮಜ್ಜಿಗಿ ಕುಡೀರಿ. ಕಾಫಿ ಮಾತ್ರ ಕೇಳಬ್ಯಾಡ್ರಿ. ಹುಡುಗ್ರಿಗೆ ಮಾತ ಕೊಟ್ಟೀನಿ."

"ಛೆ ಛೆ, ಕಾಫಿ ಯಾರಿಗೆ ಬೇಕು!" ಎಂದರು ಇನ್ನಾಸಪ್ಪ. ಅವರ ಧ್ವನಿ ಅವರಿಗೇ ಅಪರಿಚಿತವಾಗಿತ್ತು.

ಎದುರಿಗೆ ಆಕೆಯ ಗಂಡ ಸೋಮಲಿಂಗಪ್ಪ ಹಬೆಯಾಡುವ ಲೋಟವನ್ನು ಸೊರ್ರೆಂದು ಹೀರುತ್ತ, "ನಾವು ಶಿವರಾತ್ರಿಗೆ ಒಂದ ದಿನ ಉಪಾಸ ಮಾಡೂದ್ರಾಗ ಸುಸ್ತ ಆಗತೇವಿ. ನಲವತ್ತು ದಿನ ಅಂದ್ರ ಏನ್ರಿ! ನೀವು ದೊಡ್ಡಾವ್ರ ಬಿಡ್ರಿ," ಎಂದು ಮತ್ತೊಮ್ಮೆ ಹೀರಿದರು. ಇನ್ನಾಸಪ್ಪ ಮಜ್ಜಿಗೆ ಕುಡಿದು ಇಳಿದುಬಂದರು.

ಸ್ಟೇಷನ್ ರಸ್ತೆಯ ಚಹಾ ಅಂಗಡಿಯವನು ಅವರನ್ನು ಕಂಡೊಡನೆ ಕೈಮುಗಿದು, ಕೇಳದೆಯೇ ಒಂದು ಗೋಲಿ ಸೋಡಾ ಒಡೆದು ಕೊಟ್ಟ. ಪಕ್ಕದ ಹೋಟೆಲಿನವನು ಮುಂದಿನ ವಾರದವರೆಗೆ ಬರಬೇಡಿ ಸಾರ್ ಎಂದು ಪ್ರೀತಿಯಿಂದಲೇ ಹೇಳಿದ. ಇಡೀ ಪಲ್ಲಾವರಂ ಅವರ ಆತ್ಮದ ಉದ್ಧಾರಕ್ಕೆ ಟೊಂಕ ಕಟ್ಟಿ ನಿಂತಿತ್ತು. ಇನ್ನಾಸಪ್ಪನವರಿಗೆ ತಲೆ ಸಿಡಿಯತೊಡಗಿತು. ತಮ್ಮ ಗುರುತೇ ಇಲ್ಲದ ಕಡೆ ಹೋಗಿ ಒಂದೇ ಒಂದು ಲೋಟ ಕುಡಿದುಬಂದರೆ ಯಾರಿಗೇನು ನಷ್ಟ? ದೂರದ ಮೈಲಾಪೂರಿಗೆ ಹೋಗುವುದೆಂದು ತೀರ್ಮಾನಿಸಿದರು.

ಸ್ಟೇಷನ್ ಪಕ್ಕದ ಮೈದಾನದಲ್ಲಿ ಬೀದಿಯ ಬೇರೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕಟ್ಟೆಯ ಮೇಲೆ ಬೆನ್ನಿ ಸ್ಕೌಟ್ ಯೂನಿಫಾರ್ಮ್ ತೊಟ್ಟು, ಆಟಕ್ಕೆ ಬೆನ್ನು ಹಾಕಿ ಕುಳಿತಿದ್ದ. ಚೆಂಡು ಉರುಳಿ ಬಂದು ಅವನ ಶೂಗೆ ತಾಗಿತು. ಅವನು ಕಾಲನ್ನು ಮೇಲಕ್ಕೆತ್ತಿಕೊಂಡನೇ ಹೊರತು ಮುಟ್ಟಲಿಲ್ಲ.

"ಇಲ್ಲೇನೋ ಮಾಡ್ತಿದೀಯ?"

"ಚೌರಿ ಅಣ್ಣನ್ನ ಕಾಯ್ತಿದೀನಿ ಸಾರ್. ತುಂಬಾ ಆಡ್ಬೇಕು ಅನ್ಸತ್ತೆ. ಆಗ ನಿಮ್ಮನ್ನ ನೆನೆಸ್ಕೊತೀನಿ. ಸಾರ್‌ಗೇ ಕಾಫಿ ಬಿಡಕ್ಕೆ ಮುಡಿಯತ್ತೆ, ಆಗತ್ತೆ ಅಂದ್ರೆ ನನಗೆ ಆಗಲ್ವಾ? ನೀವು ಎಲ್ಲಿಗೆ ಸಾರ್?"

"ಅಡ್ಯಾರ್‌ಗೆ. ಒಬ್ರು ಕಾಯಿಲೆಯವ್ರನ್ನ ನೋಡ್ಬೇಕು," ಎಂದು ಇನ್ನಾಸಪ್ಪ ಅವನ ಮುಖ ನೋಡದೆ ಸ್ಟೇಷನ್ ಮೆಟ್ಟಿಲು ಹತ್ತಿದರು.

ಸೈದಾಪೇಟೆಯಲ್ಲಿ ರೈಲಿನಿಂದ ಇಳಿದು, ಬಸ್ಸಿನಲ್ಲಿ ನೇತಾಡಿಕೊಂಡು ಮೈಲಾಪೂರು ಸೇರಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾಗುವವರೆಗೆ ಗಂಟೆಗಟ್ಟಲೆ ಬೀದಿ ಸುತ್ತಿ, ಬೇಕೆಂದೇ ಮೂರು ಹೋಟೆಲು ದಾಟಿ ನಾಲ್ಕನೆಯದರ ಮೂಲೆ ಮೇಜು ಹಿಡಿದರು. ಕಾಫಿ ಬಂತು. ಹಿತ್ತಾಳೆಯ ಲೋಟ, ಬಟ್ಟಲು, ಮೇಲೆ ಬೆಟ್ಟದಂಥ ನೊರೆ. ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಮುಖ ಬಗ್ಗಿಸಿ, ಮೂವತ್ತೊಂಬತ್ತು ದಿನದ ಉಸಿರನ್ನು ಒಟ್ಟಿಗೇ ಎಳೆದುಕೊಂಡರು.

ಆಗ ಕಾಲು ಮೇಲಕ್ಕೆತ್ತಿಕೊಂಡು ಕುಳಿತ ಬೆನ್ನಿ ಕಣ್ಣಿಗೆ ಕಟ್ಟಿದ. ಹತ್ತು ವರ್ಷದ ಕೂಸು ಕಾಲಿಗೆ ತಾಗಿದ ಚೆಂಡನ್ನು ಮುಟ್ಟುವುದಿಲ್ಲ, ನಾನು ಸುಳ್ಳು ಹೇಳಿ ಊರು ದಾಟಿ ಬಂದು ಕೂತಿದ್ದೇನೆ! ಇನ್ನಾಸಪ್ಪನವರಿಗೆ ನಿಜವಾಗಿಯೂ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಳ್ಳದೆ ಲೋಟವನ್ನು ಕೆಳಗಿಟ್ಟರು. ಬೂದಿ ಬುಧವಾರ ಅವರು ಕಾಫಿ ಬಿಟ್ಟಿರಲಿಲ್ಲ, ಹೆಂಡತಿ ಬಿಡಿಸಿದ್ದರು. ಅವರಾಗಿ ಬಿಟ್ಟದ್ದು ಈಗ. ಮನಸ್ಸು ಹಗುರಾಯಿತು.

"ಸಾರ್!"

ಬಾಗಿಲಲ್ಲಿ ಎಂಟು ಹುಡುಗರು ಯೂನಿಫಾರ್ಮಿನಲ್ಲಿ, ಬೆವರಿಳಿಸಿಕೊಂಡು ನಿಂತಿದ್ದರು.

"ನೀ... ನೀವು ಇಲ್ಲಿ?"

"ಇಲ್ಲೇ ಪಕ್ಕದ ಸಾಂತೋಮ್ ಚರ್ಚಿಗೆ ಬಂದಿದ್ವಿ ಸಾರ್," ಎಂದ ಚೌರಿ. "ನಿನ್ನೆ ಶಿಲುಬೆ ಹಾದಿ ಪ್ರಾರ್ಥನೇಲಿ ನಿಮ್ಮ ಕೈ ನಡುಗ್ತಿತ್ತು. ಕೊನೇ ವಾರ ಅಲ್ವಾ, ಸಾರ್‌ಗೆ ಶಕ್ತಿ ಕೊಡಪ್ಪಾ ಅಂತ ಎಲ್ಲಾರೂ ಮುಳಂಗಾಲು ಹಾಕಿ ಪ್ರಾರ್ಥನೆ ಮಾಡಿದ್ವಿ. ತಣ್ಣೀರು ಕೇಳೋಣ ಅಂತ ಇಲ್ಲಿಗೆ..." ಅವನ ಕಣ್ಣು ಲೋಟದ ಮೇಲಿಂದ ಮಾಸ್ಟರ ಮುಖಕ್ಕೆ ಬಂತು. ಜೇಬಿನಿಂದ ಕರವಸ್ತ್ರ ತೆಗೆದು ಮೆಲ್ಲಗೆ ನೀಡಿದ. "ಸಾರ್, ಮೀಸೆ."

ಇನ್ನಾಸಪ್ಪ ಮೀಸೆ ಮುಟ್ಟಿಕೊಂಡರು. ಬೆರಳಿಗೆ ನೊರೆ ಅಂಟಿತು.

"ಲೇ, ನಾನು ಕುಡೀಲಿಲ್ಲ ಕಣ್ರೋ! ಬರೀ ಮೂಸಿದ್ದು! ತಾಯಾಣೆಗೂ ಕುಡೀಲಿಲ್ಲ!"

"ಸರಿ ಸಾರ್, ಕುಡೀಲಿಲ್ಲ," ಎಂದ ಚೌರಿ, ಜ್ವರ ಬಂದವರನ್ನು ಸಮಾಧಾನ ಮಾಡುವವನಂತೆ.

"ಅಡ್ಯಾರ್‌ಗೆ ಅಂದ್ರಲ್ಲ ಸಾರ್?" ಎಂದು ಬೆನ್ನಿ ಕೇಳಿದ. ಚೌರಿ ಅವನನ್ನು ಮೊಣಕೈಯಿಂದ ತಿವಿದ.

ಹುಡುಗರು ದೂರ ಸರಿದು ತಲೆ ತಲೆ ಸೇರಿಸಿ ಪಿಸುಗುಟ್ಟಿದರು. ಬೈದಿದ್ದರೆ, ನಕ್ಕಿದ್ದರೆ ಇನ್ನಾಸಪ್ಪ ಸಹಿಸಿಕೊಳ್ಳುತ್ತಿದ್ದರು. ಆದರೆ ಎಂಟೂ ಮುಖಗಳಲ್ಲಿ ಅಪ್ಪಟ ಕರುಣೆಯಿತ್ತು. ಚೌರಿ ಮುಂದೆ ಬಂದ.

"ಸಾರ್, ನಾವು ಮನ್ನಿಸಿಬಿಟ್ವಿ. ಫಾದರ್‌ಗೂ ಹೇಳಲ್ಲ, ಆಂಟಿಗೂ ಹೇಳಲ್ಲ. ಇವತ್ತಿಂದು ಇವತ್ತಿಗೇ ಮುಗೀಲಿ. ನಾಳೆಯಿಂದ ನೀವು ಮೊದಲಿಂದ ನಲವತ್ತು ದಿನ ಮಾಡಿ."

"ಮೊದಲಿಂದಲಾ? ಹಬ್ಬ ಆದ್ಮೇಲೂನಾ?"

"ಭಯಪಡ್ಬೇಡಿ ಸಾರ್. ನಿಮ್ಮೊಬ್ಬರನ್ನೇ ಬಿಡಲ್ಲ. ನಾವೂ ನಿಮ್ಮ ಜೊತೆ ಮೊದಲಿಂದ ಮಾಡ್ತೀವಿ, ಎಲ್ಲಾರೂ. ಯಾರ‍್ಯಾರು ರೆಡಿ?"

ಮಾಣಿ ಬಂದು ಆರಿದ ಕಾಫಿಯನ್ನು ಎತ್ತಿಕೊಂಡು ಹೋದ. ಬೆನ್ನಿ ಬೆರಳು ಮಡಿಸುತ್ತ ಏಪ್ರಿಲ್ ದಾಟಿದ, ಮೇ ತಿಂಗಳ ಇಪ್ಪತ್ತೆರಡಕ್ಕೆ ಬಂದು ನಿಂತ. ಬೇಸಿಗೆ ರಜೆ ಬಹುಪಾಲು ಅದರಲ್ಲೇ ಕರಗಿತ್ತು. ಮಡಿಸಿದ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿದ. ಆಮೇಲೆ ಎಲ್ಲರಿಗಿಂತ ಮೊದಲು ಅವನೇ ಕೈ ಎತ್ತಿದ.